ಆ ಕಾದಂಬರಿಯ ಮಾವನ ಮನಸ್ಸು

ಪಾತ್ರದ ಗುಣಸ್ವಭಾವವನ್ನು ವಿವರಿಸಿರಿ ಎಂಬ ಪ್ರಶ್ನೆಯನ್ನು ನಾನು ನೌಕರಿ ಮಾಡಿದಷ್ಟು ಕಾಲವೂ ಮಕ್ಕಳಿಗೆ ಕೊಟ್ಟಿದ್ದೇನೆ, ಉತ್ತರಗಳನ್ನೂ ಓದಿದ್ದೇನೆ. ನಾಯಕ ಧೀರ, ಉದಾರಿ, ಮಾತೃಭಕ್ತ. ನಾಯಕಿ ಸುಶೀಲೆ, ಸಹನಶೀಲೆ. ಖಳನಾಯಕ ದುಷ್ಟ. ಇಡೀ ಕ್ಲಾಸಿಗೆ ಒಂದೇ ಉತ್ತರ. ಹಾಗೆ ಬರೆದವರಿಗೆ ಅಂಕವನ್ನೂ ಕೊಟ್ಟಿದ್ದೇನೆ, ಬೈಗುಳವನ್ನೂ ಕೊಟ್ಟಿದ್ದೇನೆ. "ಯಾಕ ಮಾಡಿದ ಅಂತ ಕೇಳಿದ್ರ ಒಳ್ಳೆಯವ ಅಂತ ಬರೀತೀರಲ್ಲ, ಒಳ್ಳೆಯವರಿಗೆ ಕಾರಣ ಬ್ಯಾಡೇನು?" ಅಂದರೆ ಮಕ್ಕಳು ಕಿಟಕಿಯ ಹೊರಗೆ ನೋಡುತ್ತಿದ್ದವು. ನಾಟಕದ ಪಾಠವಾದರೂ ಅಷ್ಟೇ, ಕಾದಂಬರಿಯಾದರೂ ಅಷ್ಟೇ.

ಒಂದು ಪಾತ್ರದ ಮಟ್ಟಿಗೆ ಮಾತ್ರ ನನ್ನ ಬಾಯಿಯೂ ಕಟ್ಟಿಹೋಗುತ್ತದೆ. ಅವನು ಒಂದು ಕಾದಂಬರಿಯಲ್ಲಿ ಆಗೊಮ್ಮೆ ಈಗೊಮ್ಮೆ ಬಂದು ಹೋಗುವ ಸೋದರಮಾವ. ಬರೆದವರು ಅವನಿಗೆ ಹೆಚ್ಚು ಜಾಗ ಕೊಟ್ಟಿರಲಿಲ್ಲ. ನನ್ನ ಮದುವೆ ಮಾತ್ರ ಅವನ ಮೇಲೆ ನಿಂತಿತ್ತು.

ನಾವು ಆದೋನಿಯಲ್ಲಿದ್ದೆವು. ಅಪ್ಪ ಹತ್ತಿ ಜಿನ್ನಿನಲ್ಲಿ ತೂಕದ ಗುಮಾಸ್ತ. ಆಂಧ್ರ ಬೇರೆಯಾಗಿ ಒಂದೆರಡು ವರ್ಷವಾಗಿತ್ತು. ಬಳ್ಳಾರಿ ಮೈಸೂರಿನ ಕಡೆ ಹೋಗಿತ್ತು, ನಾವು ಆಂಧ್ರದ ಕಡೆ ಉಳಿದಿದ್ದೆವು, ಅಪ್ಪ ತೂಗುವ ಹತ್ತಿ ಅಷ್ಟೇ ತೂಗುತ್ತಿತ್ತು. ನಾನು ಅಲ್ಲಿಯೇ ಕನ್ನಡದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ್ದೆ. ಬೇಸಿಗೆ ರಜೆ ಬಂತೆಂದರೆ ಅವ್ವ ನನ್ನನ್ನು ಕರೆದುಕೊಂಡು ತವರಿಗೆ ಹೊರಡುತ್ತಿದ್ದಳು. ಕೋಸಗಿಯಲ್ಲಿ ರೈಲು ಇಳಿದು ಅಲ್ಲಿಂದ ಗಾಡಿಯಲ್ಲಿ ಹೋಗುವ ಊರು. ಹೋಗುತ್ತಿದ್ದುದು ಸುಖಕ್ಕಲ್ಲ, ಶೇಂಗಾ ಸುಲಿಯುವುದಕ್ಕೆ.

ಬಿತ್ತನೆಯ ಶೇಂಗಾ ಕೈಯಲ್ಲೇ ಸುಲಿಯಬೇಕು. ಮಿಷನ್ನಿಗೆ ಹಾಕಿದರೆ ಕಾಳಿನ ಕೆಂಪು ಸಿಪ್ಪೆ ಹರಿಯುತ್ತದೆ, ಹರಿದ ಕಾಳು ಮೊಳೆಯುವುದಿಲ್ಲ. ಹಾಗಾಗಿ ಮಳೆಗೆ ಮುಂಚೆ ಓಣಿಯ ಹೆಂಗಸರೆಲ್ಲ ಇವತ್ತು ಒಬ್ಬರ ಮನೆ, ನಾಳೆ ಇನ್ನೊಬ್ಬರ ಮನೆ ಎಂದು ಕೂತು ಸುಲಿಯುತ್ತಿದ್ದರು. ಮಧ್ಯಾಹ್ನದ ಹೊತ್ತು, ಪಡಸಾಲೆಯಲ್ಲಿ, ಹೆಬ್ಬೆರಳು ಕೆಂಪಗೆ ಊದುವವರೆಗೆ. ಸುಲಿಯುವವರು ನಡುನಡುವೆ ಕಾಳು ಬಾಯಿಗೆ ಹಾಕಿಕೊಳ್ಳುವುದು ಇದ್ದದ್ದೇ. ನನ್ನಜ್ಜಿಗೆ ಅದನ್ನು ನೋಡಲೂ ಆಗದು, ಬೇಡವೆನ್ನಲೂ ಆಗದು. ಕಾದಂಬರಿ ಓದಿಸಿದರೆ ಹೆಂಗಸರು ಬಾಯಿ ಬಿಟ್ಟುಕೊಂಡು ಕೇಳುತ್ತಾರೆ, ಅಗಿಯುವುದನ್ನು ಮರೆಯುತ್ತಾರೆ ಎಂದು ಆಕೆಗೆ ಹೊಳೆಯಿತು. "ಓದು ಮಗಳ, ಏನರ ಓದು. ಅಳಾದು ಇದ್ರ ಇನ್ನೂ ಚಲೋ," ಅಂದಳು. ನಮ್ಮ ಮನೆಗೆ ಸಾಹಿತ್ಯ ಬಂದದ್ದು ಹೀಗೆ. ಹೆಂಗಸರು ಕೇಳುತ್ತಲೂ ತಿಂದರು, ಅಳುತ್ತಲೂ ತಿಂದರು.

ಈಗ ನನ್ನ ಮಾವನ ವಿಷಯ ಹೇಳಬೇಕು. ಕಾದಂಬರಿಯವನಲ್ಲ, ನಿಜವಾದವನು, ಅವ್ವನ ತಮ್ಮ. ನಮ್ಮ ಕಡೆ ಅಕ್ಕನಿಗೆ ಹೆಣ್ಣು ಹುಟ್ಟಿತೆಂದರೆ ತಮ್ಮನಿಗೆ ಹೆಂಡತಿ ಹುಟ್ಟಿದ ಹಾಗೆ. ತೊಟ್ಟಿಲಿನಲ್ಲಿದ್ದಾಗಲೇ ನನಗೆ ಗಂಡ ಗೊತ್ತಾಗಿದ್ದ. ಅವನು ಬಾಗಿಲಲ್ಲಿ ಕಾಣಿಸಿದರೆ ಸಾಕು, "ನೋಡವ್ವಿ, ನಿನ್ನ ಗಂಡ ಬಂದ," ಎಂದು ಹೆಂಗಸರು ನನ್ನ ಗಲ್ಲ ಹಿಂಡುತ್ತಿದ್ದರು. ಅವನು ನನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದವನು, ಮೂಗು ಒರೆಸಿದವನು. ಹತ್ತಿ ಮಾರಲು ಆದೋನಿಗೆ ಬಂದಾಗಲೆಲ್ಲ ನಮ್ಮ ಮನೆಗೆ ಬರುತ್ತಿದ್ದ, ಒಂದು ಚಿಪ್ಪು ಬಾಳೆಹಣ್ಣು ಇಡುತ್ತಿದ್ದ, ಉಂಡು ಹೋಗುತ್ತಿದ್ದ. ಮೂವತ್ತರ ಹತ್ತಿರ ಬಂದಿದ್ದ, ಮದುವೆಯಾಗಿರಲಿಲ್ಲ. ನನ್ನ ಓದು ಮುಗಿಯಲೆಂದು ಕಾಯುತ್ತಿದ್ದಾನೆ ಎಂದು ಊರೆಲ್ಲ ಹೇಳುತ್ತಿತ್ತು. ಬಿತ್ತನೆ ಮುಗಿದ ಕೂಡಲೇ ಮದುವೆ ಎಂದು ಅಜ್ಜಿ ತಾಳಿಯನ್ನೂ ಮಾಡಿಸಿ ಇಟ್ಟಿದ್ದಳು.

ನನಗೆ ಮದುವೆ ಬೇಕಿರಲಿಲ್ಲ. ಶಾಲೆಯ ಕನ್ನಡ ಟೀಚರು ಬಳ್ಳಾರಿಯ ಟ್ರೈನಿಂಗ್ ಶಾಲೆಯಲ್ಲಿ ನನಗೊಂದು ಸೀಟು ಮಾತಾಡಿದ್ದರು. ರಜೆ ಮುಗಿದೊಡನೆ ಹೋಗಿ ಸೇರಿಕೊಳ್ಳಬೇಕು, ಇಲ್ಲವಾದರೆ ಅದು ಇನ್ನೊಬ್ಬಳಿಗೆ ಹೋಗುತ್ತದೆ. ನನಗೆ ಮೇಷ್ಟ್ರಾಗಬೇಕಿತ್ತು, ಎದುರಿಗೆ ನಲವತ್ತು ಮಕ್ಕಳನ್ನು ಕೂಡಿಸಿಕೊಂಡು ಬೈಯಬೇಕಿತ್ತು. ಮಾವನನ್ನು ಬೇಡವೆನ್ನಲು ಮಾತ್ರ ನನ್ನಲ್ಲಿ ಒಂದೂ ಕಾರಣವಿರಲಿಲ್ಲ. ಕುಡಿಯುವವನಲ್ಲ, ಇಸ್ಪೀಟು ಆಡುವವನಲ್ಲ, ಯಾರ ಗೊಡವೆಗೂ ಹೋಗುವವನಲ್ಲ. ಅವನಲ್ಲಿ ಒಂದು ಐಬು ಹುಡುಕಿ ಹುಡುಕಿ ನನಗೇ ಸಾಕಾಯಿತು.

ಅವ್ವನಿಗೆ ಹೇಳಿದೆ. ಅವ್ವ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟಳು. "ನನ್ನ ತಮ್ಮಗ ಏನಾಗೇತಿ?" ಅಂದಳು. ಏನೂ ಆಗಿಲ್ಲ ಅಂದೆ. "ಮತ್ತ? ನಾ ನನ್ನ ತಮ್ಮಗ ಹೆಣ್ಣು ಕೊಡಂಗಿಲ್ಲ ಅಂದ್ರ ನನ್ನ ತವರು ಉಳಿತೈತೇನು? ನಿಮ್ಮಜ್ಜಿ ನನ್ನ ಮಕಾ ನೋಡ್ತಾಳೇನು?" ಸುಮ್ಮನೆ ಹೆದರಿಸುವ ಮಾತಲ್ಲ ಅದು. ಹಾಗೆ ತವರು ಕಡಿದುಕೊಂಡವರು ನಮ್ಮ ಓಣಿಯಲ್ಲೇ ಇದ್ದರು. ಬೇಡವೆನ್ನುವ ಹಕ್ಕು ನನಗೂ ಇರಲಿಲ್ಲ, ಅವ್ವನಿಗೂ ಇರಲಿಲ್ಲ. ಅದು ಮಾವನಿಗೆ ಮಾತ್ರ ಇತ್ತು. ಅವನ ಮುಂದೆ ಎಲೆ ಅಡಿಕೆ ಇಟ್ಟು, ಹುಡುಗಿಯನ್ನು ಹೊರಗೆ ಕೊಡಲು ನಿನ್ನ ಒಪ್ಪಿಗೆ ಇದೆಯೇ ಎಂದು ಕೇಳಬೇಕು. ಅವನು ಎಲೆ ತೆಗೆದು ಬಾಯಿಗೆ ಹಾಕಿಕೊಂಡರೆ ಹುಡುಗಿ ಬಿಡುಗಡೆ. ಆದರೆ ಕೇಳಬೇಕೆಂದರೆ ಮೊದಲು ಅವನ ಮನಸ್ಸು ಗೊತ್ತಿರಬೇಕು. ಅವನ ಮನಸ್ಸನ್ನು ಕೇಳುವವರು ಯಾರು? ಮದುವೆಯ ಹುಡುಗನೂ ಹುಡುಗಿಯೂ ತಮ್ಮ ಮದುವೆಯ ಬಗ್ಗೆ ಹಿರಿಯರ ಮುಂದೆ ಬಾಯಿ ಬಿಡುವ ಹಾಗಿರಲಿಲ್ಲ. ಕಾದಂಬರಿಯವರ ಮದುವೆಯ ಬಗ್ಗೆ ಎಷ್ಟಾದರೂ ಬಿಡಬಹುದಿತ್ತು.

ಆ ಕಾದಂಬರಿಯನ್ನು ಕೊಟ್ಟವರೂ ಟೀಚರೇ. ರಟ್ಟು ಕಿತ್ತುಹೋಗಿತ್ತು, ಹೆಸರು ಗೊತ್ತಿಲ್ಲ. ಮೈಸೂರು ಕಡೆಯ ಕಥೆ. ಒಬ್ಬ ವಕೀಲರ ಮಗಳು, ಬುದ್ಧಿವಂತೆ, ಕಾಲೇಜಿಗೆ ಹೋಗಬೇಕೆಂದು ಆಸೆ. ವಕೀಲರು ಬೇಡವೆನ್ನುತ್ತಾರೆ. ಆ ಹುಡುಗಿಯ ತಾಯಿಗೆ ಒಬ್ಬ ತಮ್ಮ. ನಗಿಸುವ ಸ್ವಭಾವ, ನಶ್ಯ ಏರಿಸುತ್ತಾನೆ, ಬರುವಾಗಲೆಲ್ಲ ಬಾಳೆಹಣ್ಣು ತರುತ್ತಾನೆ. ಓದುವವರು ನಡುವೆ ಒಂದಿಷ್ಟು ನಗಲಿ ಎಂದು ಅವನನ್ನು ಅಲ್ಲಿಟ್ಟಿದ್ದರು.

ಮೊದಲ ದಿನ ಓದುತ್ತ ಆ ಮಾವ ಬಾಗಿಲಿಗೆ ಬಂದ ಜಾಗಕ್ಕೆ ಬಂದೆ. ಎದುರುಮನೆಯ ದೊಡ್ಡವ್ವ ಕೈ ನಿಲ್ಲಿಸಿದಳು. ಆಕೆ ರಕ್ತಸಂಬಂಧಿಯಲ್ಲ, ಎದುರುಮನೆಯಲ್ಲಿ ಇದ್ದುದರಿಂದ ದೊಡ್ಡವ್ವ, ಓಣಿಯ ನ್ಯಾಯವೆಲ್ಲ ಆಕೆಯ ಬಾಯಲ್ಲೇ ತೀರುತ್ತಿದ್ದುದರಿಂದ ಇನ್ನೂ ದೊಡ್ಡವ್ವ.

"ಆ ತಮ್ಮಗ ಮದಿವಿ ಆಗೇತೇನು?" ಅಂದಳು.

ಹುಡುಕಿ ನೋಡಿ, ಇಲ್ಲ ಅಂದೆ.

"ಹಂಗಾದ್ರ ಇನ್ನೇನೈತಿ. ಆಕಿ ಗಂಡ ಆತನ."

ಎಲ್ಲರೂ ತಲೆಯಾಡಿಸಿದರು. ಕಥೆ ಇನ್ನೂ ಹತ್ತು ಪುಟ ದಾಟಿರಲಿಲ್ಲ. ಹಾಗೆಲ್ಲ ಪುಸ್ತಕದಲ್ಲಿಲ್ಲ, ಅವನು ಬರೀ ಮಾವ ಎಂದು ನಾನು ಹೇಳಿ ನೋಡಿದೆ. "ಬರೀ ಮಾವ ಅಂದ್ರೇನವ್ವ?" ಎಂದು ಅಜ್ಜಿ ನಿಜವಾಗಿಯೂ ತಿಳಿಯದೆ ಕೇಳಿದಳು. ನಾನು ಮುಂದಿನ ಪುಟ ತಿರುವಿದೆ.

ಅಂದಿನಿಂದ ಆ ಕಾದಂಬರಿ ಕಾಲೇಜಿಗೆ ಹೋಗುವ ಹುಡುಗಿಯ ಕಥೆಯಾಗಿ ಉಳಿಯಲಿಲ್ಲ, ಮಾವನ ಕಥೆಯಾಯಿತು. ನಾಯಕಿಯ ಗೆಳತಿಯ ಪ್ರಸಂಗ, ವಕೀಲರ ಕೋರ್ಟಿನ ಪ್ರಸಂಗ, ಮೈಸೂರಿನ ಬೀದಿಯ ವರ್ಣನೆ, ಇವುಗಳಿಗೆಲ್ಲ ಯಾರೂ ಕಿವಿಗೊಡಲಿಲ್ಲ. ಶೇಂಗಾ ಮಾತ್ರ ಚಟಚಟನೆ ಒಡೆಯುತ್ತಿತ್ತು. ನಾನು ಉಸಿರು ತೆಗೆದುಕೊಳ್ಳಲು ನಿಂತರೆ "ಮಾವ ಎಲ್ಲಿ ಹೋದ?" ಎಂದು ಕೇಳುತ್ತಿದ್ದರು. ಈ ಅಧ್ಯಾಯದಲ್ಲಿ ಅವನಿಲ್ಲ ಎಂದರೆ ದೊಡ್ಡವ್ವ, "ಹೆಂಗ ಬರ್ತಾನ? ಮನಿಯಾಗ ಕುಂತು ಅಳಾಕತ್ತಿರತಾನ," ಅನ್ನುತ್ತಿದ್ದಳು. ಬರೆದವರು ಅವನನ್ನು ಮರೆತ ಪುಟಗಳಲ್ಲಿಯೇ ಅವನು ಹೆಚ್ಚು ದುಃಖಪಟ್ಟ.

ಅವನು ನಗಿಸುವ ಮಾತು ಆಡಿದಾಗ ಯಾರೂ ನಗಲಿಲ್ಲ. ನಮ್ಮಲ್ಲಿಗೆ ಎಮ್ಮಿಗನೂರು ಕಡೆಯಿಂದ ಸೊಸೆಯಾಗಿ ಬಂದಿದ್ದ ಒಬ್ಬ ತೆಲುಗು ವದಿನ, ಅಂದರೆ ಅತ್ತಿಗೆ, ಇದ್ದಳು. ಕಥೆಯನ್ನು ಕನ್ನಡದಲ್ಲಿ ಕೇಳಿ ತೆಲುಗಿನಲ್ಲಿ ನಿಟ್ಟುಸಿರು ಬಿಡುತ್ತಿದ್ದಳು. "ಪಾಪಮು," ಅಂದಳು. "ಲೋಪಲ ಏಡುಸ್ತಾ ಪೈಕಿ ನಗ್ತಾನ." ಒಳಗೆ ಅಳುತ್ತ ಹೊರಗೆ ನಗುತ್ತಾನೆ ಎಂದು. ಅಲ್ಲಿಗೆ ಅವನ ಹಾಸ್ಯಗಳಿಗೂ ಅರ್ಥ ಸಿಕ್ಕಿತು.

ಒಂದು ಜಾಗದಲ್ಲಿ ಹೀಗೊಂದು ಸಾಲಿತ್ತು: ಮಾವ ಬಾಳೆಹಣ್ಣು ಕೊಟ್ಟ, ಹುಡುಗಿ ಸುಲಿದು ತಿಂದಳು, ತಿನ್ನುವವರೆಗೆ ಅವನು ಅಲ್ಲೇ ನಿಂತಿದ್ದ. ನಾನು ಅದನ್ನು ಓದಿ ಮುಂದಕ್ಕೆ ಹೋಗಿದ್ದೆ. ದೊಡ್ಡವ್ವ ನನ್ನನ್ನು ಹಿಂದಕ್ಕೆ ಎಳೆದಳು. "ನಿಲ್ಲು ನಿಲ್ಲು. ಹಣ್ಣು ಕೊಟ್ಟ. ಕೊಟ್ಟು ಹೋಗಬೇಕಿಲ್ಲ? ಆಕಿ ತಿನ್ನಾತನಕ ಯಾಕ ನಿಂತ?" ಅಂದಳು. ತಾನೇ ಒಮ್ಮೆ ಸುತ್ತಲೂ ನೋಡಿದಳು. "ಅಷ್ಟ," ಅಂದಳು ದೊಡ್ಡವ್ವ. "ಇನ್ನ ಓದು." ಆ ಸಾಲು ಅಲ್ಲಿಗೆ ಅವಳ ಕೈಯಲ್ಲಿ ಸಾಕ್ಷಿಯಾಗಿ ಉಳಿಯಿತು.

ಇಷ್ಟೂ ದಿನ ನನ್ನ ಮಾವ ಅಲ್ಲೇ ಇದ್ದ. ಪಡಸಾಲೆಯ ಕೆಳಗಿನ ಅಂಕಣದಲ್ಲಿ ದನ ಕಟ್ಟುತ್ತಿದ್ದರು. ಬಿಸಿಲು ಇಳಿಯುವವರೆಗೆ ಅವನು ಅಲ್ಲಿ ಎಮ್ಮೆಯ ಪಕ್ಕದಲ್ಲಿ ಕೂತು ಪುಂಡಿನಾರಿನ ಹಗ್ಗ ಹೊಸೆಯುತ್ತಿದ್ದ. ಹೆಂಗಸರ ಕಡೆ ಬೆನ್ನು. ಕೇಳುತ್ತಿದ್ದನೋ ಇಲ್ಲವೋ, ಬೆನ್ನು ನೋಡಿದರೆ ತಿಳಿಯುತ್ತಿರಲಿಲ್ಲ. ಆ ಬೇಸಿಗೆಯಲ್ಲಿ ಅವನು ಹೊಸೆದ ಹಗ್ಗ ಊರಿನ ದನಗಳಿಗೆಲ್ಲ ಸಾಕಾಗುತ್ತಿತ್ತು. ನನ್ನ ಮದುವೆಯ ಮಾತನ್ನು ಆ ಪಡಸಾಲೆಯಲ್ಲಿ ಯಾರೂ ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ. ದೊಡ್ಡವ್ವ "ಆ ಮಾವ" ಅಂದಾಗಲೆಲ್ಲ ಹೆಂಗಸರ ಕಣ್ಣು ಒಮ್ಮೆ ಕೆಳಗಿನ ಅಂಕಣಕ್ಕೆ ಹೋಗಿ ಬರುತ್ತಿತ್ತು.

ನಾನೂ ಬಿಟ್ಟುಕೊಡುವವಳಲ್ಲ. ದಿನವೂ ನಾಯಕಿಯ ಪರ ವಾದ ಮಾಡಿದೆ. ಆಕೆಗೆ ಓದುವ ಆಸೆ ಇದೆ, ಮಾವನ ಮೇಲೆ ಕೋಪವಿಲ್ಲ, ಮಾವ ಒಳ್ಳೆಯವನೇ, ಆದರೂ ಆಕೆ ಕಾಲೇಜಿಗೆ ಹೋಗದಿದ್ದರೆ ಸತ್ತೇಹೋಗುತ್ತಾಳೆ ಎಂದೆ. ಅಷ್ಟು ಜೋರಾಗಿ ಹೇಳಬಾರದಿತ್ತೇನೋ. ಅವ್ವ ತಲೆ ಬಗ್ಗಿಸಿಕೊಂಡು ಸುಲಿಯುತ್ತಿದ್ದಳು, ಕಾಳನ್ನು ಸಿಪ್ಪೆಯ ಗುಡ್ಡೆಗೂ ಸಿಪ್ಪೆಯನ್ನು ಕಾಳಿನ ಮೊರಕ್ಕೂ ಹಾಕುತ್ತಿದ್ದಳು. "ಓದಿ ಏನ್ ಮಾಡ್ತಾಳಂತ?" ಎಂದು ಅಜ್ಜಿ ಕೇಳಿದಳು. ಮೇಷ್ಟ್ರಾಗ್ತಾಳೆ ಅಂದೆ. ಕಾದಂಬರಿಯಲ್ಲಿ ಹಾಗೇನೂ ಇರಲಿಲ್ಲ. ಕೆಳಗೆ ಹಗ್ಗ ಹೊಸೆಯುವ ಸದ್ದು ಸ್ವಲ್ಪ ಹೊತ್ತು ನಿಂತಿತು, ಮತ್ತೆ ಶುರುವಾಯಿತು.

ಕಡೆಗೆ ಆ ಅಧ್ಯಾಯ ಬಂತು. ಆ ಮಾವ ನಶ್ಯದ ಡಬ್ಬಿ ತೆಗೆದಿಟ್ಟು, ಮೊದಲ ಬಾರಿಗೆ ತಮಾಷೆ ಬಿಟ್ಟು ಮಾತಾಡಿ, ಹುಡುಗಿಯನ್ನು ಕಾಲೇಜಿಗೆ ಕಳಿಸಿ ಎಂದು ಭಾವನನ್ನು ತಾನೇ ಒಪ್ಪಿಸುತ್ತಾನೆ. ಭಾವ ಒಪ್ಪುತ್ತಾರೆ. ಹುಡುಗಿ ಕುಣಿಯುತ್ತಾಳೆ.

ಪಡಸಾಲೆಯಲ್ಲಿ ಯಾರೂ ಕುಣಿಯಲಿಲ್ಲ. ಶೇಂಗಾ ಒಡೆಯುವ ಸದ್ದು ಪೂರ್ತಿ ನಿಂತಿತು. ಮುಂದೆ ಓದಲು ಹೋದರೆ ದೊಡ್ಡವ್ವ ಪುಸ್ತಕದ ಮೇಲೆ ಕೈಯಿಟ್ಟಳು.

"ತನ್ನ ಹೆಣ್ಣನ್ನ ತಾನ ಕಳಸ್ತಾನ? ಯಾಕ? ಇದು ತಿಳಿದ ಹೊರತು ಮುಂದ ಹೋಗಾದು ಬ್ಯಾಡ."

ಹೀಗೆ ಮೈಸೂರಿನ ಆ ಮನುಷ್ಯನ ಮೇಲೆ ಪಂಚಾಯಿತಿ ಕೂತಿತು. ಯಾರೋ ಮಾಟ ಮಾಡಿಸಿದ್ದಾರೆ ಎಂದಳು ಒಬ್ಬಳು. ಉರುಕುಂದಕ್ಕೆ ಕರೆದುಕೊಂಡು ಹೋಗಿ ಈರಣ್ಣ ದೇವರ ಮುಂದೆ ಕೂಡಿಸಿದ್ದರೆ ಬಿಟ್ಟುಹೋಗುತ್ತಿತ್ತು ಎಂದು ಅವಳೇ ಪರಿಹಾರವನ್ನೂ ಹೇಳಿದಳು. ಅವನಿಗೆ ಬೇರೆ ಯಾರೋ ಇದ್ದಾಳೆ ಎಂದಳು ಇನ್ನೊಬ್ಬಳು. ಮದುವೆಯ ಮಾತುಕತೆಯ ದಿನ ಅವನ ತಾಯಿಗೆ ಸೀರೆ ಕೊಟ್ಟಿರಲಿಕ್ಕಿಲ್ಲ, ಆ ಸಿಟ್ಟು ಇದು ಎಂದಳು ಅಜ್ಜಿ. ಸೀರೆಯ ವಿಷಯದಲ್ಲಿ ಆಕೆಗೆ ಅನುಭವವಿತ್ತು. "ಅಟ್ಲ ಕಾದಮ್ಮಾ," ಹಾಗಲ್ಲ ಎಂದು ತೆಲುಗು ವದಿನ ದನಿ ಇಳಿಸಿ, ಕೆಲವು ಗಂಡಸರಿಗೆ ಇರುವ ಒಂದು ಕೊರತೆಯ ಮಾತು ಹೇಳಿದಳು. ಎಲ್ಲರೂ ಕೆಳಗಿನ ಅಂಕಣದ ಕಡೆ ನೋಡದೆ ಇರಲು ಬಹಳ ಕಷ್ಟಪಟ್ಟರು.

"ನೀ ಓದಿದಾಕಿ. ನೀ ಹೇಳು," ಅಂದಳು ದೊಡ್ಡವ್ವ ನನಗೆ.

ಟೀಚರು ಕಲಿಸಿದ ಹಾಗೆ ಹೇಳಿದೆ. ಪಾತ್ರ ಏನು ಬಯಸುತ್ತದೆ ಎಂದು ನೋಡಬೇಕು, ಆ ಮಾವನಿಗೆ ಹುಡುಗಿ ಸುಖವಾಗಿರಬೇಕೆಂಬ ಬಯಕೆ, ಅದಕ್ಕೇ ಕಳಿಸಿದ.

ದೊಡ್ಡವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಇಂಥಾ ಗಂಡಸು ಯಾವೂರಾಗ ಅದಾನ?"

"ಆತಗ ಆ ಹುಡುಗಿ ಮ್ಯಾಲ ಮನಸ್ಸ ಇರಲಿಲ್ಲಬೇ."

ಹೇಳಿದವನು ನನ್ನ ಮಾವ. ತಿರುಗಿ ನೋಡದೆ, ಹಗ್ಗದ ಎಳೆಯನ್ನು ಕಾಲಬೆರಳಿಗೆ ಸಿಕ್ಕಿಸಿಕೊಳ್ಳುತ್ತ ಹೇಳಿದ.

"ಮನಸ್ಸ ಇಲ್ಲದಿದ್ರ ಬಾಳೆಹಣ್ಣು ಯಾಕ ತರ್ತಿದ್ದ?" ದೊಡ್ಡವ್ವ ಸುಮ್ಮನೆ ಬಿಡುವವಳೇ.

"ಅದು ಹುಡುಗಿಗಲ್ಲ. ಅಕ್ಕಗ. ಅಕ್ಕನ ಮನಿಗೆ ಬರಿಗೈಲೆ ಹೋಗ್ತಾರೇನು?"

"ಮತ್ತ ಇಷ್ಟು ದಿನ ಮದಿವಿ ಆಗದ ಯಾಕ ಕುಂತ?"

"ಆತನ್ನ ಯಾರೂ ಕೇಳಲಿಲ್ಲ. ಆಕಿ ಆತನಾಕಿ ಅಂತ ನೀವ ನೀವ ಅನಕೊಂಡ್ರಿ. ಎತ್ತಿಕೊಂಡು ತಿರುಗ್ಯಾನ, ಮೂಗು ಒರಸ್ಯಾನ. ಆ ಕೈಲೆ ತಾಳಿ ಹೆಂಗ ಕಟ್ಟತಾನ? ಕೂಸು ಅದು."

ದೊಡ್ಡವ್ವ ಕೈಯ ಸಿಪ್ಪೆ ಕೊಡವಿದಳು. ಆಮೇಲೆ ತನ್ನ ಸಾಕ್ಷಿಯನ್ನು ಹೊರಗೆ ತೆಗೆದಳು. "ಆಕಿ ಹಣ್ಣು ತಿನ್ನಾತನಕ ನಿಂತಿದ್ದಲ್ಲ ತಮ್ಮಾ. ಅದು ಯಾಕ?"

ಮಾವನ ಕೈ ನಿಂತಿತು. ಎಮ್ಮೆ ತಲೆ ಅಲ್ಲಾಡಿಸಿ ನೊಣ ಹೊಡೆದುಕೊಂಡಿತು. ಅವನು ಅದರ ಕಡೆ ನೋಡಿದ.

"ಸಿಪ್ಪಿ ಎಮ್ಮಿಗೆ ಹಾಕಾಕ," ಅಂದ.

ದೊಡ್ಡವ್ವ ನನ್ನ ಕಡೆ ತಿರುಗಿದಳು. "ಪುಸ್ತಕದಾಗ ಎಮ್ಮಿ ಐತೇನು?"

ಎಲ್ಲರೂ ನನ್ನನ್ನು ನೋಡಿದರು. ಅವ್ವನೂ ನೋಡಿದಳು. ಆ ವಕೀಲರ ಮನೆಯಲ್ಲಿ ಪಿಯಾನೋ ಇತ್ತು, ಗೋಡೆ ಗಡಿಯಾರ ಇತ್ತು, ಒಂದು ನಾಯಿಯೂ ಇತ್ತು. ನಾನು ಪುಟಗಳನ್ನು ಹಿಂದಕ್ಕೆ ತಿರುವಿ, ಒಂದು ಕಡೆ ಬೆರಳಿಟ್ಟೆ.

"ಐತಿ," ಅಂದೆ.

"ಗೊಡ್ಡೇನು, ಹಾಲಿಂದೇನು?"

"ಹಾಲಿಂದು. ದಿನಾ ಹಾಲು ಕೊಡತೈತಿ."

ದೊಡ್ಡವ್ವನಿಗೆ ಓದು ಬಾರದು. ಪುಸ್ತಕದಲ್ಲೇ ಇದ್ದ ಮೇಲೆ ಆಕೆ ಏನು ಮಾಡುತ್ತಾಳೆ? "ಮೊದಲ ಓದಬಾರದೇನು ಅದನ್ನ?" ಎಂದು ನನ್ನನ್ನು ಗದರಿಸಿ ಶೇಂಗಾಕ್ಕೆ ಕೈ ಹಾಕಿದಳು. ಅಜ್ಜಿ ಮಾತ್ರ ಕೈ ಹಾಕಲಿಲ್ಲ. ಬಹಳ ಹೊತ್ತು ಮಗನ ಬೆನ್ನನ್ನೇ ನೋಡುತ್ತ ಕೂತಿದ್ದಳು. ಆಮೇಲೆ ನನ್ನನ್ನು ಕೇಳಿದಳು.

"ಆ ಮಂದಿ ಆತನ ಮುಂದ ಎಲಿ ಅಡಿಕಿ ಇಟ್ಟು ಕೇಳಿದ್ರೇನು?"

ಎಮ್ಮೆಯನ್ನೇ ತಂದು ಕಟ್ಟಿದವಳಿಗೆ ಎಲೆ ಅಡಿಕೆ ಯಾವ ಲೆಕ್ಕ. "ಕೇಳಿದ್ರು. ಬೆಳ್ಳಿ ತಾಟಿನಾಗ ಇಟ್ಟು ಕೇಳಿದ್ರು. ಆತ ತಗೊಂಡ," ಅಂದೆ.

"ಬೆಳ್ಳಿದು ಯಾತಕ, ಹಿತ್ತಾಳಿದು ಸಾಕಿತ್ತು," ಅಂದಳು ಅಜ್ಜಿ. ದನಿ ಸಣ್ಣಗಾಗಿತ್ತು. ತಾಳಿ ಮಾಡಿಸಿ ಇಟ್ಟವಳು ಆಕೆ; ನನಗೆ ಆಗ ಅಜ್ಜಿಯನ್ನು ನೋಡಿ ಸಂಕಟವಾಯಿತು.

ಮರುದಿನ ಬೆಳಿಗ್ಗೆ ಅವ್ವ ಹಿತ್ತಾಳೆ ತಾಟಿನಲ್ಲಿ ಎಲೆ ಅಡಿಕೆ ಇಟ್ಟು ತಮ್ಮನ ಮುಂದೆ ತಂದಿಟ್ಟಳು. "ಹುಡುಗಿ ಬಳ್ಳಾರಿಗೆ ಹೋಗತೀನಿ ಅಂತಾಳ. ಮುಂದ ಎಲ್ಲಿ ಋಣ ಐತೋ ಅಲ್ಲಿ ಕೊಡ್ತೀವಿ. ನೀ ಏನಂತಿ?" ಅಂದಳು. ಅಡಿಕೆ ತಾಟಿನಲ್ಲಿ ಉರುಳಾಡುತ್ತಿತ್ತು. ಮಾವ ಎಲೆಯ ತೊಟ್ಟು ಮುರಿದು, ಸುಣ್ಣ ಸವರಿ, ಮಡಚಿ ಬಾಯಿಗೆ ಹಾಕಿಕೊಂಡ. "ಹೋಗಲಿ ಬಿಡು ಅಕ್ಕಾ," ಎಂದು ಹೊಲದ ಕಡೆ ನಡೆದ. ಅವ್ವ ಅಲ್ಲೇ ಕಂಬ ಹಿಡಿದು ಕೂತು ಗಳಗಳನೆ ಅತ್ತಳು. ತವರು ಉಳಿದಿತ್ತು, ನಾನೂ ಉಳಿದಿದ್ದೆ.

ಕಾದಂಬರಿಯ ಉಳಿದ ಭಾಗವನ್ನು ಯಾರೂ ಓದು ಎನ್ನಲಿಲ್ಲ. ನಾಯಕಿ ಕಾಲೇಜಿನಲ್ಲಿ ಒಬ್ಬ ಲೆಕ್ಚರರನ್ನು ಮೆಚ್ಚುವುದು, ಅವನಿಗೆ ಕ್ಷಯ ಬರುವುದು, ವಾಸಿಯಾಗುವುದು ಎಲ್ಲ ಇತ್ತು. ಮಾವನ ವಿಷಯ ತೀರಿದ ಮೇಲೆ ಅವರಿಗೆ ಅದರಲ್ಲಿ ರುಚಿ ಉಳಿಯಲಿಲ್ಲ. ಬೀಜದ ಶೇಂಗಾವೂ ಮುಗಿಯುತ್ತ ಬಂದಿತ್ತು.

ಅಜ್ಜಿ ಸುಮ್ಮನೆ ಕೂರುವವಳಲ್ಲ. ಮರುವರ್ಷವೇ ಪೆದ್ದಕಡುಬೂರಿನ ಒಂದು ಹುಡುಗಿಯನ್ನು ನೋಡಿ ಮಾವನಿಗೆ ಮದುವೆ ಮಾಡಿದಳು. ತಾಳಿ ಹೇಗೂ ಸಿದ್ಧವಿತ್ತು. ಆ ಅತ್ತೆ ಚೆನ್ನಾಗಿ ನಗುವವಳು, ಕೆಲಸದಲ್ಲಿ ಗಟ್ಟಿಗಿತ್ತಿ. ಮಕ್ಕಳಾದವು, ಮನೆ ತುಂಬಿತು. ನಾನು ಬಳ್ಳಾರಿಯಲ್ಲಿ ಟ್ರೈನಿಂಗ್ ಮುಗಿಸಿ ನಮ್ಮ ಕಡೆಯ ಕನ್ನಡ ಶಾಲೆಗಳಲ್ಲಿ ಮೇಷ್ಟ್ರಾದೆ, ಬೇಕಾದಷ್ಟು ಮಕ್ಕಳನ್ನು ಬೈದೆ. ನನ್ನ ಮದುವೆಯೂ ಆಯಿತು, ಅದೂ ಸುಖವಾಗಿಯೇ ಸಾಗಿತು. ಎಲ್ಲವೂ ಸರಿಯಾಯಿತು. ಆದರೆ ಆ ಬೇಸಿಗೆಯ ಕೊನೆಯಲ್ಲಿ ಸ್ಟೇಷನ್ನಿನಲ್ಲಿ ನಡೆದದ್ದನ್ನು ಹೇಳಿಲ್ಲ.

ಮೊದಲ ಮಳೆಗೆ ಮುಂಚೆ ಅವ್ವನೂ ನಾನೂ ಹಿಂದಿರುಗಿದೆವು. ಮಾವ ನಮ್ಮನ್ನು ಕೋಸಗಿಗೆ ಬಿಡಲು ಬಂದ. ಓಣಿಯವರ ಗಾಡಿ ನಮ್ಮನ್ನು ಇಳಿಸಿ ತನ್ನ ಕೆಲಸಕ್ಕೆ ಹೋಯಿತು. ಅವನು ನಡೆದೇ ವಾಪಸು ಹೋಗುವವನಿದ್ದ. ಅವ್ವ ಒಳಗೆ ಜಾಗ ಹಿಡಿದು, ಗಂಟು ಮೂಟೆಗಳನ್ನು ಬೆಂಚಿನ ಕೆಳಗೆ ತಳ್ಳುತ್ತಿದ್ದಳು. ನಾನು ಕಿಟಕಿಯಲ್ಲಿ ಕೂತಿದ್ದೆ. ಪ್ಲಾಟ್‌ಫಾರ್ಮಿನಲ್ಲಿ ಹಣ್ಣು ಮಾರುವವಳ ಬುಟ್ಟಿಯಿಂದ ಮಾವ ಒಂದು ಚಿಪ್ಪು ಬಾಳೆಹಣ್ಣು ತೆಗೆದುಕೊಂಡು ಬಂದು, ಕಿಟಕಿಯೊಳಗೆ ನನ್ನ ಮಡಿಲಿಗೆ ಇಟ್ಟ.

"ಅವ್ವಗೇನು?" ಅಂದೆ.

"ಅಕ್ಕಗ ಶೇಂಗಾ ಕೊಟ್ಟೀನಿ," ಅಂದ.

ಹಣ್ಣನ್ನು ಹಿಡಿದುಕೊಂಡು ಕೂತೆ. ಇಂಜಿನ್ನು ಕೂಗಿತು. ಅವನು ಹೋಗಲಿಲ್ಲ.

"ತಿನ್ನು," ಅಂದ.

ಒಂದು ಹಣ್ಣು ಸುಲಿದೆ. ತಿಂದೆ. ಅವನು ಕಿಟಕಿಯ ಸರಳು ಹಿಡಿದು, ರೈಲು ಅಲುಗುವವರೆಗೂ ಅಲ್ಲೇ ನಿಂತಿದ್ದ. ಆಮೇಲೆ ಕೈ ಚಾಚಿದ. ಸಿಪ್ಪೆಯನ್ನು ಅವನ ಕೈಯಲ್ಲಿಟ್ಟೆ. ರೈಲು ಹೊರಟಿತು. ಕಣ್ಣಿಗೆ ಕಾಣುವವರೆಗೂ ಅವನು ಆ ಸಿಪ್ಪೆಯನ್ನು ಹಿಡಿದುಕೊಂಡೇ ನಿಂತಿದ್ದ.

ಕೋಸಗಿ ಸ್ಟೇಷನ್ನಿನಲ್ಲಿ ಎಮ್ಮೆ ಇರಲಿಲ್ಲ.